ತೂಗುವ ಕಬ್ಬಿಣದ ನಡುವೆ

ಹಂಚಿನ ಕಾರ್ಖಾನೆಯ ಆ ಹಳೆಯ ಕೊಠಡಿಯ ನೆಲದ ಮೇಲೆ ನೆರಳುಗಳು ಹೋಗಿ ಬರುತ್ತಿದ್ದವು. ತೊಲೆಗಳಿಂದ ಉದ್ದನೆಯ ಸರಪಳಿಗಳು ಇಳಿದಿದ್ದವು. ಪ್ರತಿಯೊಂದರ ತುದಿಯಲ್ಲೂ ತೆಂಗಿನಕಾಯಿ ಗಾತ್ರದ ಕಬ್ಬಿಣದ ಗುಂಡು. ಗುಂಡುಗಳು ತೂಗಿ ಬಂದು ಕಂಚಿನ ಫಲಕಗಳ ಅಂಚಿಗೆ ತಾಗಿದಾಗ ಇಡೀ ಕೊಠಡಿ ಗುಂಯ್‌ಗುಡುತ್ತಿತ್ತು. ಇಂದಿಗೂ ಗೋಡೆಯ ಮೇಲೆ ಪರದೆಯ ನೆರಳು ಆಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ನನ್ನ ಗಂಡ ರುದ್ರಮುನಿಯವರು ಕಲ್ಲುಕ್ವಾರಿಯಲ್ಲಿ ಮೇಸ್ತ್ರಿಯಾಗಿದ್ದರು. ಒಮ್ಮೆ ಮದ್ದು ಹೊತ್ತಿಗೆ ಮುಂಚೆಯೇ ಸಿಡಿದು ಅವರ ಎರಡೂ ಕಿವಿ ಹೋದವು. ಮಾತು ಉಳಿಯಿತು, ಎಷ್ಟು ಜೋರಾಗಿ ಆಡುತ್ತಿದ್ದೇನೆಂಬ ಅಂದಾಜು ಉಳಿಯಲಿಲ್ಲ. ಎದುರಿಗಿದ್ದರೆ ನನ್ನ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಬೆನ್ನು ಮಾಡಿದ್ದರೆ ನಾನು ನೆಲಕ್ಕೆ ಕಾಲು ಕುಟ್ಟುತ್ತಿದ್ದೆ. ನಮ್ಮದು ಹಲಗೆ ನೆಲದ ಮಹಡಿಮನೆ. ಕುಟ್ಟಿದ್ದು ಅಂಗಾಲಿಗೆ ತಿಳಿದೊಡನೆ ಕೈಲಿದ್ದುದನ್ನು ಬಿಟ್ಟು ನೇರ ನನ್ನ ಬಳಿಗೆ ಬರುತ್ತಿದ್ದರು. ನಮ್ಮಿಬ್ಬರ ನಡುವೆ ಕರೆಯೆಂದರೆ ಅದೊಂದೇ.

ಇಂದುಧರ ಎಂಬ ಶಿಲ್ಪಿ ನಮ್ಮನ್ನು ಹುಡುಕಿಕೊಂಡು ಬಂದದ್ದು ಕಲ್ಲಿಗಾಗಿ. ಚಲಿಸುವ, ಸದ್ದು ಮಾಡುವ ಶಿಲ್ಪಗಳನ್ನು ಆತ ಮಾಡುತ್ತಿದ್ದ. ತಟ್ಟಿದರೆ ನಾದ ಕೊಡುವ ಕಲ್ಲೊಂದು ಬೇಕಿತ್ತಂತೆ. ಇವರು ಕ್ವಾರಿಗೆ ಹೋಗಿ, ಬಂಡೆಗಳನ್ನು ತಟ್ಟಿ, ಅಂಗೈ ಇಟ್ಟು ನೋಡಿ, ಒಂದು ಕರಿಯ ಚಪ್ಪಡಿ ಆರಿಸಿಕೊಟ್ಟರು. ಪ್ರದರ್ಶನಕ್ಕೆ ಕರೆ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ನಾವು ಕಾರ್ಖಾನೆಯ ಆ ಕೊಠಡಿಗೆ ಹೋದಾಗ ಗುಂಡುಗಳೆಲ್ಲ ನಿಶ್ಚಲವಾಗಿದ್ದವು. ಸದ್ದು ನೋಡುವವರ ಕಾಲಿಗೂ ತಿಳಿಯಲೆಂದು ಇಂದುಧರ ನೆಲಕ್ಕೆಲ್ಲ ಹಲಗೆ ಹಾಸಿದ್ದ. ಸುತ್ತ ಹಗ್ಗ ಕಟ್ಟಿತ್ತು. ನಟ್ಟನಡುವೆ ಇವರ ಚಪ್ಪಡಿ. ನಾನು ಪರಿಚಯದವರೊಬ್ಬರ ಜೊತೆ ಎರಡು ಮಾತಾಡಿ ತಿರುಗುವಷ್ಟರಲ್ಲಿ ಮೇಲೆ ಮೋಟಾರು ಗುರುಗುಟ್ಟಿತು. ಇವರು ಪಕ್ಕದಲ್ಲಿರಲಿಲ್ಲ. ಹಗ್ಗದಡಿ ನುಸುಳಿ ಹೋಗಿ, ನಮಗೆ ಬೆನ್ನು ಮಾಡಿ, ಚಪ್ಪಡಿಯನ್ನು ಸವರುತ್ತಾ ಕುಳಿತಿದ್ದರು.

"ರೀ!" ಎಂದು ಕಿರುಚಿದೆ. ಎಲ್ಲರೂ ತಿರುಗಿದರು, ಇವರೊಬ್ಬರನ್ನು ಬಿಟ್ಟು.

ಗುಂಡುಗಳು ಮೊದಲು ಅಂಗೈಯಗಲ ಆಡಿದವು. ಆಮೇಲೆ ಮೊಳದಷ್ಟು. ನೋಡನೋಡುತ್ತಿದ್ದಂತೆ ಅವರ ಸುತ್ತ ಕಬ್ಬಿಣದ ಬೇಲಿಯೇ ಎದ್ದಿತು. ಗೋಡೆಯ ಬದಿಯಲ್ಲಿ, ಮೋಟಾರಿನ ವೇಗ ಏರಿಸಿ ಇಳಿಸುವ ಚಕ್ರದ ಹತ್ತಿರ ನಿಂತಿದ್ದ ಇಂದುಧರನ ತೋಳನ್ನು ಹಿಡಿದೆಳೆದೆ. "ನಿಲ್ಸಪ್ಪಾ, ನಿಲ್ಸು ಅದನ್ನ!"

ಅವನ ಮುಖ ಬಿಳಿಚಿತ್ತು. "ಒಂದೇ ಸಲ ನಿಲ್ಸಿದ್ರೆ ಗುಂಡು ದಾರಿ ತಪ್ತವೆ ಅಕ್ಕಾ, ನಡುವಿಗೇ ಬಂದ್ಬಿಡ್ತವೆ. ನಿಧಾನಕ್ಕೆ ಇಳಿಸ್ಬೇಕು. ಈಗ ಆ ಕಲ್ಲಿನ ಹತ್ರ ಯಾವುದೂ ಬರಲ್ಲ. ಅವ್ರು ಎದ್ದು ಬರದಿದ್ರೆ ಸಾಕು."

"ಎದ್ರೆ?"

ಅವನು ಎರಡೂ ಕೈಯಿಂದ ಚಕ್ರವನ್ನು ಕೂದಲೆಳೆಯಷ್ಟಷ್ಟೇ ತಿರುಗಿಸತೊಡಗಿದ.

ನನ್ನ ಬಲಗಾಲು ತಾನಾಗಿ ಮೇಲೆದ್ದಿತ್ತು. ಹಲಗೆಗೆ ಕುಟ್ಟಬೇಕು, ಕರೆಯಬೇಕು. ಕುಟ್ಟಿದರೆ ಅವರು ಬರುತ್ತಾರೆ. ಹಿಂದೆಮುಂದೆ ನೋಡದೆ, ಮನೆಯಲ್ಲಿ ಬರುವ ಹಾಗೆಯೇ, ನೇರವಾಗಿ ಬರುತ್ತಾರೆ. ಎದುರಿಗೆ ಹೋಗಿ ಕಾಣಿಸಿಕೊಂಡರೂ ಅಷ್ಟೇ. ಕಾಲನ್ನು ಮೆಲ್ಲನೆ ಕೆಳಗಿಟ್ಟೆ. ಮತ್ತೆ ಏಳದಿರಲೆಂದು ಎರಡೂ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತೆ.

ನೆರಳುಗಳು ಅವರ ಬೆನ್ನ ಮೇಲೆ ಹೋಗಿ ಬರುತ್ತಿದ್ದವು. ಒಮ್ಮೆ ತಲೆಯೆತ್ತಿ ಸುತ್ತ ನೋಡಿದರು. ಜನರ ಸಾಲಿನ ಹಿಂದೆ ಕುಳಿತಿದ್ದ ನಾನು ಅವರಿಗೆ ಕಾಣಲಿಲ್ಲ. ಮತ್ತೆ ಬಗ್ಗಿದರು. ಎರಡೂ ಅಂಗೈಗಳನ್ನು ಹಲಗೆಗೆ ಊರಿ, ಕಣ್ಣು ಮುಚ್ಚಿ, ಹಾಗೇ ಉಳಿದರು.

"ಅಯ್ಯೋ, ಎಷ್ಟು ಚೆನ್ನಾಗಿ ಕೇಳ್ತಿದಾರೆ ನೋಡಿ," ಎಂದಳು ನನ್ನ ಮುಂದೆ ನಿಂತಿದ್ದ ಹೆಂಗಸು. ಇದೂ ಪ್ರದರ್ಶನದ ಭಾಗವೇ ಇರಬೇಕೆಂದು ಇನ್ನಾರೋ ಪಿಸುಗುಟ್ಟಿದರು.

ಕೊನೆಗೆ ಒಂದೊಂದೇ ಫಲಕ ಸುಮ್ಮನಾಯಿತು. ಕೊನೆಯ ಗುಂಡು ನಿಂತಾಗ ಜನ ಚಪ್ಪಾಳೆ ತಟ್ಟಿದರು. ಇಂದುಧರ ಸರಪಳಿಗಳನ್ನು ಸರಿಸಿಕೊಂಡು ಓಡಿ, ಅವರ ಪಾದ ಮುಟ್ಟಿ, ಕಣ್ಣೀರು ಒರೆಸಿಕೊಂಡ. ಅವರ ಎದುರಿಗೆ ಮುಖ ಮಾಡಿ, "ನೀವು ಕೇಳಿದ ಹಾಗೆ ಯಾರೂ ಕೇಳ್ಲಿಲ್ಲ ಅಣ್ಣಾ," ಎಂದ.

ಇವರು ಅವನ ತುಟಿಯನ್ನು ನೋಡಿದರು, ಅರ್ಥವಾಯಿತೋ ಇಲ್ಲವೋ. ನಾನು ಹತ್ತಿರ ಹೋದೊಡನೆ ನನ್ನ ಮಣಿಕಟ್ಟು ಹಿಡಿದರು. ಅಂಗಿ ಬೆವರಿಗೆ ಮೈಗಂಟಿತ್ತು.

"ಎಲ್ಲೆಲ್ಲೂ ನೆಲ ಅದುರ್ತಿತ್ತು ಕಣೇ," ಎಂದರು, ಇಡೀ ಕೊಠಡಿಗೆ ಕೇಳುವಂತೆ. "ಅದರೊಳಗೆ ನಿನ್ನ ಕಾಲು ಯಾವ್ದು ಅಂತ ಹುಡುಕ್ತಿದ್ದೆ. ನೀ ಕುಟ್ಟೇ ಕುಟ್ತೀಯ, ಆ ಕಡೆಗೆ ಓಡಿಬಿಡೋಣ ಅಂತ. ಕುಟ್ಲೇ ಇಲ್ಲ ನೀನು."

ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. "ಇಲ್ಲ, ಕುಟ್ಲಿಲ್ಲ," ಎಂದೆ, ನಿಧಾನವಾಗಿ, ತುಟಿ ಕಾಣುವಂತೆ.

ಹೊರಗೆ ಇನ್ನೂ ಚುರುಕು ಬಿಸಿಲು. ಎದುರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತು ಚಹ ಹೇಳಿದೆವು. ಅವರು ಬಸಿಯನ್ನು ಕೈಗೆತ್ತಿಕೊಂಡಾಗ ಅದರ ಮೇಲಿನ ಕಪ್ಪು ಕಟಕಟನೆ ಸದ್ದು ಮಾಡತೊಡಗಿತು. ಅವರಿಗದು ಕೇಳಿಸದು, ದಾರಿಯತ್ತ ನೋಡುತ್ತಾ ಕುಳಿತಿದ್ದರು. ನಾನು ಬಸಿಯ ಕೆಳಗೆ ಬೆರಳಿಟ್ಟೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಚಹದ ಮೇಲೆ ಕೆನೆ ಕಟ್ಟುವವರೆಗೂ ಬೆರಳು ತೆಗೆಯಲಿಲ್ಲ.