ಹಳೆಯದನ್ನು ಅಳಿಸಿದ ಮೇಲೆ

ಕಂಪ್ಯೂಟರ್ ಆಪರೇಟರ್ ಖಾಜಾಬೀ ಮೂರನೆಯ ಸಲ ಯಂತ್ರದ ಸ್ವಿಚ್ ಆರಿಸಿ ಹಾಕಿದಳು. ಪರದೆಯ ಮೇಲೆ ಅದೇ ಒಂದು ದೋಷದ ಸಾಲು ಬಂದು ನಿಂತಿತು; ಯಂತ್ರ ಏಳಲಿಲ್ಲ.

ಹರಪನಹಳ್ಳಿಯ ಬೀಡಿ ಕಾರ್ಮಿಕರ ಸಂಘಕ್ಕೆ ಯುನಿಕ್ಸ್ ಕಂಪ್ಯೂಟರ್ ಬಂದದ್ದು ಎಂಬತ್ತೆಂಟರಲ್ಲಿ. ನಿವೇಶನ ಕೇಳಿದ ಸಾವಿರದ ನೂರ ನಲವತ್ತು ಹೆಂಗಸರ ಹೆಸರುಗಳು ಅದರೊಳಗೆ ಮಾತ್ರ ಇದ್ದವು. ನಿವೇಶನ ಯಾರಿಗೆಂದು ನಾಳೆ ಬೆಳಿಗ್ಗೆ ಹತ್ತಕ್ಕೆ ಚೀಟಿ ಎತ್ತಬೇಕು. ಬಳ್ಳಾರಿಯಿಂದ ಬಂದ ಬೇರೆ ಬಗೆಯ ಫ್ಲಾಪಿ ಓದಿಸಲು ಅವಳು ಬೆಳಿಗ್ಗೆ ಡ್ರೈವರ್ ಎಂಬ ಹೊಸ ಪ್ರೋಗ್ರಾಮು ಸೇರಿಸಿ, ಯಂತ್ರವನ್ನು ಎಬ್ಬಿಸುವ ಕರ್ನಲ್ ಫೈಲನ್ನು ಹೊಸದಾಗಿ ಕಟ್ಟಿದ್ದಳು. ಪಕ್ಕದಲ್ಲಿ ಉಳಿದಿದ್ದ ಹಳೆಯ ಕರ್ನಲನ್ನು ಹೆಡ್ ಕ್ಲರ್ಕ್ ವೀರಭದ್ರಯ್ಯ ಅಳಿಸಿಸಿದ್ದ. ಹೊಸ ಮೊಹರು ಬಂದ ದಿನ ಹಳೆಯದನ್ನು ಇಬ್ಬರ ಎದುರು ಸುಡುವುದು ಅವನ ಇಪ್ಪತ್ತು ವರ್ಷದ ಪದ್ಧತಿ. ಹೆಸರು ಕಂಪ್ಯೂಟರಿಗೆ ಸೇರಿಸಿದ ಮೇಲೆ ಹೆಂಗಸರ ಅರ್ಜಿಗಳನ್ನೂ ಹಾಗೆಯೇ ಸುಡಿಸಿದ್ದ.

“ಹೊಸಾದು ಏಳವಲ್ದು ಸರ್. ಹಳೇದಿದ್ರ ಅದರಿಂದ ಎಬ್ಬಸ್ತಿದ್ದೆ.”

“ಮೊದ್ಲ ಹೇಳಬಾರದೇನು?”

“ಹೇಳಿದ್ದೆ. ‘ನನಗ ಕಾನೂನು ಕಲಸ್ತೀಯೇನು’ ಅಂದ್ರಿ.”

ವೀರಭದ್ರಯ್ಯ ಬೆವರು ಒರೆಸಿಕೊಂಡ.

ಬೀಡಿ ಕಟ್ಟುವ ಅಂಜಿನಕ್ಕ ಬಾಗಿಲಲ್ಲಿ ಇಣುಕಿದಳು. “ಯವ್ವಾ, ನನ್ ಹೆಸರು ಐತಿಲ್ಲ?”

“ಐತಿ. ಹೊರಗ ಕುಂದ್ರು,” ಎಂದಳು ಖಾಜಾಬೀ. ಅವಳ ತಾಯಿ ರೋಶನಬಿಯ ಹೆಸರೂ ಒಳಗೇ ಇತ್ತು.

ಯಂತ್ರದ ಜೊತೆ ಬಂದಿದ್ದ ಬೂಟ್ ಫ್ಲಾಪಿ ಹಾಕಿದಳು. ಅದರಿಂದ ಯಂತ್ರ ಎದ್ದಿತು. ಪಟ್ಟಿ ಇದ್ದ ಹಾರ್ಡ್ ಡಿಸ್ಕ್ ತೆರೆಯುವ ಮೊದಲು ಅದರ ತಪಾಸಣೆ ಮಾಡಿಸಬೇಕು. ಆಗ ಮೂರೂ ಇಪ್ಪತ್ತು. ಕರೆಂಟು ದಿನಾ ನಾಲ್ಕಕ್ಕೆ ಹೋಗುತ್ತಿತ್ತು. ತಪಾಸಣೆ ಅರ್ಧದಲ್ಲಿ ನಿಂತು ಕೇಳಿತು: ಒಂದು ಫೈಲು ಕೆಟ್ಟಿದೆ, ಅಳಿಸಲೇ? ಬರೀ ನಂಬರು, ಫೈಲಿನ ಹೆಸರಿಲ್ಲ.

“ಹೂಂ ಅನ್ನವ್ವಾ, ಟೈಮಿಲ್ಲ,” ಎಂದ ವೀರಭದ್ರಯ್ಯ.

“ಅದು ಹೆಸರಿನ ಫೈಲಾಗಿದ್ರ?”

“ಆಗಿರ್ಲಿಕ್ಕಿಲ್ಲ.”

“ಇಷ್ಟು ಸುಟ್ಟದ್ದು ಸಾಲ್ದೇನ್ರಿ?” ಬೇಡವೆಂದು ಒತ್ತಿ ತಪಾಸಣೆ ಮುಗಿಸಿದಳು.

ಡಿಸ್ಕಿನಲ್ಲಿ ಏಳದ ಕರ್ನಲಿನ ಜಾಗಕ್ಕೆ ಫ್ಲಾಪಿಯ ಕರ್ನಲನ್ನು ನಕಲು ಮಾಡಿ, ಫ್ಲಾಪಿ ತೆಗೆದು, ಮತ್ತೆ ಸ್ವಿಚ್ ಹಾಕಿದಳು. ಯಂತ್ರ ಎದ್ದಿತು. ಪಟ್ಟಿ ತೆರೆದುಕೊಂಡಿತು. ಕೂಡಲೇ ಪ್ರಿಂಟರಿಗೆ ಕಳಿಸಿದಳು. ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಕರಕರ ಎನ್ನುತ್ತ ಕಾಗದಕ್ಕೆ ಇಳಿಯತೊಡಗಿದವು. ಅಂಜಿನಕ್ಕನ ಹೆಸರು ಮೊದಲ ಹಾಳೆಯಲ್ಲೇ ಬಂತು.

ಐನೂರ ಎಂಬತ್ತನೆಯ ಹೆಸರಿನ ಹತ್ತಿರ ಕರೆಂಟು ಹೋಯಿತು.

ವೀರಭದ್ರಯ್ಯ ಹಾಳೆ ಹರಿದುಕೊಂಡು ಕಡೆಯ ಹೆಸರು ಓದಿದ: ಮಲ್ಲವ್ವ.

“ಉಳಿದವ್ರು?”

“ಪಟ್ಟಿ ಉಳದೈತೋ ಇಲ್ಲೋ, ಕರೆಂಟು ಬಂದ ಮ್ಯಾಲ ನೋಡಬೇಕ್ರಿ,” ಎಂದಳು ಖಾಜಾಬೀ. ತಾಯಿ ರೋಶನಬಿಯ ಹೆಸರು ಬರಲು ಇನ್ನೂ ನೂರಾರು ಹೆಸರು ಬಾಕಿ ಇದ್ದವು.