ನೆಲ ನಿಜವಾಗಿಯೂ ಡೊಂಕಿತ್ತು

ನನ್ನ ಗಂಡ ಸ್ನೂಕರ್ ಆಟಗಾರ ಎಂದರೆ ಜನ ಮೊದಲು ಕೇಳುವುದು, "ಅದು ಸರಿ, ಕೆಲಸ ಏನು ಮಾಡ್ತಾರೆ?" ಎಂದು. ಮದುವೆಯಾದ ಹೊಸದರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಈಗ "ಕೋಲು ಹಿಡ್ಕೊಂಡು ಚೆಂಡು ಕಾಯ್ತಾರೆ" ಎಂದು ಹೇಳಿ ನನ್ನ ಪಾಡಿಗೆ ನಾನು ಯಂತ್ರ ತುಳಿಯುತ್ತೇನೆ. ನಾನು ದರ್ಜಿ, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಳತೆ ಟೇಪು ಕುತ್ತಿಗೆಯ ಸುತ್ತ ಇರುವಾಗ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಇವರು ಆಡುವ ವೃತ್ತಿಪರರ ಕೂಟದಲ್ಲಿ ನೂರಿಪ್ಪತ್ತು ಚಿಲ್ಲರೆ ಜನ ಇದ್ದಾರೆ. ವರ್ಷದ ಕೊನೆಗೆ ಮೊದಲ ಅರವತ್ತನಾಲ್ಕು ಮಂದಿಗೆ ಕೂಟದಲ್ಲಿ ಆಡುವ ಕಾರ್ಡು ಉಳಿಯುತ್ತದೆ. ಉಳಿದವರಲ್ಲಿ ಕಾರ್ಡಿನ ಅವಧಿ ಮುಗಿದವರು ಕೋಲು ಮಡಚಿಕೊಂಡು ಮನೆಗೆ ಹೋಗಬೇಕು. ನಮ್ಮವರು ಎಂಟು ವರ್ಷದಿಂದ ಆ ಗೆರೆಯ ಮೇಲೇ ಸರ್ಕಸ್ ಮಾಡುತ್ತಿದ್ದಾರೆ. ಒಂದು ವರ್ಷ ಐವತ್ತೆಂಟು, ಮರುವರ್ಷ ಅರವತ್ತೊಂದು, ಒಮ್ಮೆ ಅರವತ್ತೈದಾಗಿ ಹೊರಬಿದ್ದು, ಅರ್ಹತೆಯ ಪಂದ್ಯಗಳನ್ನು ಆಡಿ ಮತ್ತೆ ಒಳಗೆ ಬಂದದ್ದೂ ಉಂಟು. ಟೀವಿಯಲ್ಲಿ ಕಾಣುವ ದೀಪ, ಚಪ್ಪಾಳೆ, ಹೂಗುಚ್ಛ ಎಲ್ಲ ಮೊದಲ ಹದಿನಾರು ಮಂದಿಗೆ. ಇವರ ಪಂದ್ಯ ಬೆಳಗ್ಗೆ ಹತ್ತಕ್ಕೆ, ಹಿಂದಿನ ಹಾಲಿನಲ್ಲಿ, ಮೂವರು ಪ್ರೇಕ್ಷಕರ ಎದುರು. ಮೂವರಲ್ಲಿ ಒಬ್ಬ ನಿದ್ದೆ ಮಾಡಲು ಬಂದಿರುತ್ತಾನೆ.

ಹಾಗಂತ ನಮಗೆ ವೈಭವದ ದಿನಗಳೇ ಇರಲಿಲ್ಲ ಎಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ಇವರು ಒಬ್ಬ ಘಟಾನುಘಟಿಯನ್ನು ಸೋಲಿಸಿ ಕ್ವಾರ್ಟರ್ ಫೈನಲ್ಲಿಗೆ ಹೋಗಿದ್ದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಸೋತ ದೊಡ್ಡ ಮನುಷ್ಯನ ಮುಖ ಮುಕ್ಕಾಲು ಭಾಗ, ಅಂಚಿನಲ್ಲಿ ಒಂದು ಮೊಣಕೈ. ಆ ಮೊಣಕೈ ನಮ್ಮವರದು. ಕತ್ತರಿಸಿ, ಚೌಕಟ್ಟು ಹಾಕಿಸಿ, ಹೊಲಿಗೆ ಯಂತ್ರದ ಮೇಲೆ ತೂಗುಹಾಕಿದ್ದೇನೆ. ಗಿರಾಕಿಗಳು "ಇದ್ಯಾರು?" ಎಂದರೆ, "ಮುಖ ಬಿಡಿ, ಆ ತೋಳು ನೋಡಿ, ಹೊಲಿಗೆ ನಂದು" ಎನ್ನುತ್ತೇನೆ.

ಇಂಥವರ ಆಟ ಈ ವರ್ಷ ಇದ್ದಕ್ಕಿದ್ದಂತೆ ಹಾಳಾಯಿತು. ಅದಕ್ಕೆ ಕಾರಣ ಯಾರು ಎಂಬುದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಇವರು ಅಭ್ಯಾಸ ಮಾಡುವುದು ನಮ್ಮ ಬೀದಿಯ ಕೊನೆಯ ಕ್ಲಬ್ಬಿನಲ್ಲಿ, ಮೂಲೆಯ ಮೇಜಿನ ಮೇಲೆ. ಕ್ಲಬ್ಬಿನ ಯಜಮಾನನಿಗೆ ಎಲ್ಲರೂ ಇಟ್ಟ ಹೆಸರು ಲೈಟಾಫ್. ಯಾವ ಮೇಜಿನ ಆಟ ಮುಗಿದರೂ ಕೊನೆಯ ಚೆಂಡು ಗುಂಡಿಯ ತಳ ಮುಟ್ಟುವ ಮೊದಲೇ ದೀಪ ಆರಿಸುವ ಪುಣ್ಯಾತ್ಮ. ಮೂಲೆಯ ಮೇಜಿನ ಹಸಿರು ಬಟ್ಟೆ ಹರಿದುಹೋದಾಗ ಅವನು ಹೊಸದನ್ನು ತರಿಸಿದ. ಆದರೆ ಬಟ್ಟೆ ಹಾಕುವ ಕಸುಬುದಾರ ಎರಡು ತಿಂಗಳು ಬರುವುದಿಲ್ಲ ಎಂದ. ಆಗ ಬಾಯಿ ಹಾಕಿದವಳು ನಾನು.

"ನಮ್ಮಣ್ಣ ಇಲ್ವಾ? ಇಪ್ಪತ್ತು ವರ್ಷದಿಂದ ಸೋಫಾಗೆ ಬಟ್ಟೆ ಹಾಕ್ತಿದಾನೆ. ಇದೇನು ಮಹಾ! ಒರಗು ಇಲ್ಲದ ಸೋಫಾ ಅಷ್ಟೆ."

ಅಣ್ಣ ಬಂದ, ಎಳೆದ, ಮೊಳೆ ಹೊಡೆದ. ಬಟ್ಟೆ ಡೋಲಿನ ಚರ್ಮದ ಹಾಗೆ ಬಿಗಿಯಾಗಿ ಕೂತಿತು. ಲೈಟಾಫ್ ಎಂದಿನ ತುದಿಯಲ್ಲಿ ಗೆರೆ ಎಳೆದು, ಆಟ ಶುರುಮಾಡುವ ಅರ್ಧಚಂದ್ರ ಬರೆದ. ನಾನು ತವರಿನ ಹೆಮ್ಮೆಯಲ್ಲಿ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಇವರು ಮೆಲ್ಲಗೆ ಹೇಳಿದರು: "ಮೇಜು ಸ್ವಲ್ಪ ಎಳೀತಿದೆ ಕಣೇ. ನಿಧಾನಕ್ಕೆ ಹೊಡೆದ ಚೆಂಡು ಎಲ್ಲೋ ಹೋಗ್ತಿದೆ."

ನಾನು ಸೌಟು ಕೆಳಗಿಟ್ಟೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಮ್ಮಣ್ಣನ ಕೆಲಸದಲ್ಲಿ ಹುಳುಕು ಹುಡುಕೋಕೆ ಬರ್ಬೇಡಿ, ಹೇಳಿದೀನಿ."

ಇವರು ಮತ್ತೆ ಆ ಮಾತೆತ್ತಲಿಲ್ಲ. ನಮ್ಮವರ ಸ್ವಭಾವವೇ ಹಾಗೆ. ಮೇಜಿನ ಜೊತೆ ಜಗಳವಾಡಿಯಾರು, ನನ್ನ ಜೊತೆ ಆಡುವುದಿಲ್ಲ. ಮೇಜಿನ ಎಳೆತಕ್ಕೆ ತಕ್ಕ ಹಾಗೆ ಕೈಯನ್ನು ಹೊಂದಿಸಿಕೊಂಡು, ದಿನಕ್ಕೆ ಆರು ಗಂಟೆ ಅಲ್ಲೇ ಅಭ್ಯಾಸ ಮಾಡಿದರು.

ಆಮೇಲೆ ಶುರುವಾಯಿತು ನೋಡಿ. ಆರು ತಿಂಗಳಲ್ಲಿ ಆರು ಟೂರ್ನಿ, ಆರರಲ್ಲೂ ಮೊದಲ ಸುತ್ತಿಗೇ ಮನೆಗೆ. ಅದೂ ಒಂದೇ ತಪ್ಪು. ಉದ್ದನೆಯ ಏಟು ಬೀಳುತ್ತಿತ್ತು, ಗಟ್ಟಿ ಏಟು ಬೀಳುತ್ತಿತ್ತು. ಮೇಜಿನ ನಡುವಿನ ಗುಂಡಿಗೆ ನಿಧಾನವಾಗಿ ಬಿಟ್ಟ ಚೆಂಡು ಮಾತ್ರ ಪ್ರತಿ ಸಲ ಗುಂಡಿಯ ಒಂದೇ ಅಂಚಿಗೆ ಬಡಿದು, ನಾಚಿಕೊಂಡು ಹೊರಗೆ ನಿಲ್ಲುತ್ತಿತ್ತು. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಜೊತೆಯ ಆಟಗಾರರು ಕಾಲು ಹೀಗಿಡು, ಗದ್ದ ಹಾಗಿಡು ಎಂದರು. ನಾನೇನು ಸುಮ್ಮನಿದ್ದೆನೇ? "ಮನಸ್ಸು ಎಲ್ಲಿಟ್ಕೊಂಡು ಆಡ್ತೀರಿ?" ಎಂದು ಬೆಳಗ್ಗೆ, "ಗಮನ ಇಲ್ಲ ನಿಮಗೆ" ಎಂದು ಮಧ್ಯಾಹ್ನ. ಇವರು ತಲೆ ಆಡಿಸಿ ಮತ್ತೆ ಕ್ಲಬ್ಬಿಗೆ ಹೋಗಿ ಇನ್ನೂ ಎರಡು ಗಂಟೆ ಹೆಚ್ಚು ಅಭ್ಯಾಸ ಮಾಡಿ ಬರುತ್ತಿದ್ದರು. ಹೆಚ್ಚು ಅಭ್ಯಾಸ ಮಾಡಿದಷ್ಟೂ ಹೆಚ್ಚು ಕೆಡುತ್ತಿದ್ದರು.

ವರ್ಷದ ಕೊನೆಯ ಟೂರ್ನಿ ಬರುವ ಹೊತ್ತಿಗೆ ಇವರ ಸ್ಥಾನ ಅರವತ್ತಾರು. ಲೆಕ್ಕ ಸುಲಭ, ಮೊದಲ ಪಂದ್ಯ ಗೆದ್ದರೆ ಕಾರ್ಡು ಉಳಿಯುತ್ತದೆ, ಸೋತರೆ ಇಲ್ಲ. ಮತ್ತೆ ಅರ್ಹತೆಯ ಪಂದ್ಯ ಆಡಲು ಮೈಯಲ್ಲಿ ಕಸುವಿಲ್ಲ ಎಂದು ಇವರೇ ಹೇಳಿದ್ದರು. ಅಣ್ಣ ಪಾಪ ಒಳ್ಳೆಯ ಮನಸ್ಸಿನಿಂದಲೇ, "ಭಾವನೋರೇ, ನಮ್ಮ ಸೋಫಾ ಅಂಗಡಿಗೆ ಬಂದ್ಬಿಡಿ, ನಿಮ್ಮ ಕೈ ಅಲ್ಲಾಡಲ್ಲ, ಮೊಳೆ ಹೊಡೆಯೋಕೆ ಹೇಳಿ ಮಾಡಿಸಿದ ಹಾಗಿದೆ" ಎಂದು ಒಂದು ಏಪ್ರನ್ನು ಸಹ ಕೊಟ್ಟು ಹೋದ. ಇವರು ಅದನ್ನು ಮಡಿಸಿ ಕೋಲಿನ ಪೆಟ್ಟಿಗೆಯ ಪಕ್ಕದಲ್ಲಿಟ್ಟರು. ಬೇಡ ಎನ್ನಲಿಲ್ಲ.

ಪಂದ್ಯಕ್ಕೆ ನಾಲ್ಕು ದಿನ ಇತ್ತು. ಚಿಂತೆಯಲ್ಲಿ ಇವರು ಸೊರಗಿ, ವೇಸ್ಟ್‌ಕೋಟು ಜೋಳಿಗೆಯ ಹಾಗೆ ಜೋತಾಡುತ್ತಿತ್ತು. ಸೋಲುವುದಾದರೂ ಮೈಗೊಪ್ಪುವ ಬಟ್ಟೆಯಲ್ಲಿ ಸೋಲಲಿ ಎಂದುಕೊಂಡು ಟೇಪು ಹಿಡಿದು ಕ್ಲಬ್ಬಿಗೇ ಹೋದೆ. ಮದುವೆಯಾದ ಮೇಲೆ ನಾನು ಅಲ್ಲಿಗೆ ಕಾಲಿಟ್ಟದ್ದು ಅದು ಮೂರನೆಯ ಸಲ.

ಅಳತೆ ತೆಗೆದು, ಟೇಪು ಸುತ್ತುತ್ತ ಮೇಜಿನ ಮೇಲೆ ಕೈಯೂರಿದೆ. ದರ್ಜಿಯ ಕೈ ಬಟ್ಟೆಯ ಮೇಲೆ ಸುಮ್ಮನಿರುತ್ತದೆಯೇ? ಆಟ ಶುರುವಾಗುವ ತುದಿಯಿಂದ ಕಪ್ಪು ಚೆಂಡಿನ ತುದಿಯ ಕಡೆಗೆ ಸವರಿದೆ. ಒರಟು. ಬೆಕ್ಕನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗೆ. ವಾಪಸ್ಸು ಸವರಿದೆ. ನುಣುಪು.

ಮಖಮಲ್ಲು ಹೊಲಿಯುವವರಿಗೆ ಇದು ಮೊದಲ ಪಾಠ. ಬಟ್ಟೆಗೆ ಸಣ್ಣ ಕೂದಲಿನಂಥ ನವಿರು ಇರುತ್ತದೆ, ಅದು ಒಂದೇ ಕಡೆಗೆ ಮಲಗಿರುತ್ತದೆ. ಒಂದು ತೋಳು ಮೇಲ್ಮುಖ, ಇನ್ನೊಂದು ಕೆಳಮುಖ ಕತ್ತರಿಸಿದರೆ ಗಿರಾಕಿ ಅದನ್ನು ಮುಖಕ್ಕೇ ಎಸೆಯುತ್ತಾನೆ. ನಾನು ಪಕ್ಕದ ಮೇಜಿಗೆ ಹೋಗಿ ಸವರಿದೆ. ಆಟದ ತುದಿಯಿಂದ ಕಪ್ಪಿನ ಕಡೆಗೆ ನುಣುಪು. ಅದರಾಚೆಯ ಮೇಜೂ ಹಾಗೇ. ಇವರ ಮೇಜು ಮಾತ್ರ ತಿರುಗಾಮುರುಗಾ.

"ರೀ, ನವಿರು ಇರೋ ಬಟ್ಟೆ ಮೇಲೆ ಚೆಂಡು ನಿಧಾನಕ್ಕೆ ಹೋದ್ರೆ ಯಾವ ಕಡೆಗೆ ವಾಲುತ್ತೆ?" ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

"ನವಿರು ಮಲಗಿದ ಕಡೆಗೆ. ಅದಕ್ಕೇ ಎಲ್ಲ ಕಡೆ ಕಪ್ಪು ಚೆಂಡಿನ ಕಡೆಗೇ ಮಲಗಿಸಿರ್ತಾರೆ. ಯಾಕೆ?"

ನಿಜ ಹೇಳುತ್ತೇನೆ, ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗೋಣ ಎನ್ನಿಸಿತು. ಅಣ್ಣನನ್ನು ಕರೆತಂದವಳು ನಾನು. ಇವರು ಬಾಯಿಬಿಟ್ಟಾಗ ಗಾದೆ ಹೇಳಿ ಬಾಯಿ ಮುಚ್ಚಿಸಿದವಳು ನಾನು. ಆರು ತಿಂಗಳು ಮೂರು ಹೊತ್ತು ಬೈದವಳೂ ನಾನೇ. ಆದರೆ ಪೆಟ್ಟಿಗೆಯ ಪಕ್ಕದ ಆ ಏಪ್ರನ್ನು ಕಣ್ಣಮುಂದೆ ಬಂತು.

"ಕೈ ಕೊಡಿ ಇಲ್ಲಿ" ಎಂದು ಇವರ ಅಂಗೈಯನ್ನು ಹಿಡಿದು ಬಟ್ಟೆಯ ಮೇಲೆ ಎಳೆದೆ. ಆಚೆಗೊಮ್ಮೆ, ಈಚೆಗೊಮ್ಮೆ. "ನೆಲ ಡೊಂಕೇ ಇತ್ತು ಕಣ್ರೀ. ನಮ್ಮಣ್ಣ ಬಟ್ಟೆ ಉಲ್ಟಾ ಹಾಕಿದಾನೆ. ಇಲ್ಲಿ ಪಳಗಿದ ಕೈ ಬೇರೆ ಮೇಜಿನ ಮೇಲೆ ತಪ್ತಿದೆ."

ಇವರು ತಾವೇ ಎರಡು ಸಲ ಸವರಿದರು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು. ಬೈಯುತ್ತಾರೆ, ಬೈಯಲಿ, ಬಾಕಿ ಬಹಳ ಇದೆ ಎಂದುಕೊಂಡೆ. ನೋಡಿದರೆ ಭುಜ ಕುಲುಕುತ್ತಿತ್ತು. ಮನುಷ್ಯ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

"ಹಂಗಾದ್ರೆ ನಾನು ಕೆಟ್ಟಿಲ್ಲ" ಎಂದರು. "ಅಯ್ಯೋ ಮಹರಾಯ್ತಿ, ನಾನು ಕೆಟ್ಟೇ ಇಲ್ಲ!"

ಆಗ ಅತ್ತವಳು ನಾನು. ಇಷ್ಟು ದಿನ ಈ ಮನುಷ್ಯ ತನ್ನ ಕೈಯೇ ಸತ್ತುಹೋಯಿತು ಎಂದುಕೊಂಡು ಬದುಕಿದ್ದರಲ್ಲ, ನನ್ನ ಪಕ್ಕದಲ್ಲೇ ಮಲಗಿ ಎದ್ದು!

ಫೋನು ಮಾಡಿದೆ, ಅಣ್ಣ ಓಡಿಬಂದ. "ನಾನು ಸರಿಯಾಗೇ ಹಾಕಿದೀನಿ. ಲೈಟಾಫ್ ಗೆರೆ ಎಳೆದಿದ್ದು ತಪ್ಪು ತುದೀಲಿ!" ಎಂದ. ಲೈಟಾಫ್ ಎಗರಿಬಿದ್ದ. "ಮೂವತ್ತು ವರ್ಷದಿಂದ ಇದೇ ತುದಿ! ಬ್ರಷ್ ಹೊಡೆದಾಗಲೆಲ್ಲ ಸಿಕ್ಕಾಕ್ಕೊಳ್ತಿತ್ತು, ಬ್ರಷ್ಷೇ ಹಳೇದು ಅಂತ ಎರಡು ಹೊಸ ಬ್ರಷ್ ತಂದೆನಲ್ಲಯ್ಯಾ!"

ಬಟ್ಟೆ ಬಿಚ್ಚಿ ತಿರುಗಿಸುವಂತಿರಲಿಲ್ಲ. ಗುಂಡಿಗಳ ಸುತ್ತ ಒಮ್ಮೆ ಕತ್ತರಿಸಿದರೆ ಮುಗಿಯಿತು. ಬೇರೆ ಮೇಜುಗಳನ್ನೆಲ್ಲ ದಿನವಿಡೀ ಬೇರೆಯವರು ಮೊದಲೇ ಕಾದಿರಿಸಿದ್ದರು. ಅಣ್ಣನೂ ಲೈಟಾಫೂ ಕೈಕೈ ಮಿಲಾಯಿಸುವುದೊಂದು ಬಾಕಿ. ಅಷ್ಟರಲ್ಲಿ ಅಣ್ಣ ಸಿಟ್ಟಿನಲ್ಲಿ ಹೇಳಿದ ಮಾತೇ ನನ್ನ ತಲೆಗೆ ಹತ್ತಿತು.

"ಇಬ್ರೂ ಬಾಯ್ಮುಚ್ಚಿ! ಬಟ್ಟೆ ತಿರುಗಿಸೋಕಾಗಲ್ಲ ಅಂದ್ರೆ ಗೆರೆ ತಿರುಗಿಸೋಣ. ತಪ್ಪು ತುದಿ ತಾನೆ? ಸರಿ ತುದೀಲಿ ಎಳೆದ್ರಾಯ್ತು."

ಎಲ್ಲರೂ ನನ್ನನ್ನೇ ನೋಡಿದರು. ಇವರು ಮೆಲ್ಲಗೆ, "ಮೇಜು ಎರಡೂ ಕಡೆ ಒಂದೇ ಥರ. ಚೆಂಡು ಜೋಡಿಸೋದನ್ನ ಅದಲು ಬದಲು ಮಾಡಿದ್ರೆ ಸಾಕು" ಎಂದರು.

ಚೀಲದಿಂದ ನನ್ನ ಚಪ್ಪಟೆ ಸೀಮೆಸುಣ್ಣ ತೆಗೆದೆ. ಇವರು ಹೇಳಿದ ಹಾಗೆ ಅಂಚಿನಿಂದ ಇಪ್ಪತ್ತೊಂಬತ್ತು ಇಂಚು ಅಳೆದು ಗೆರೆ ಎಳೆದೆ. ಹನ್ನೊಂದೂವರೆ ಇಂಚಿನ ಅರ್ಧಚಂದ್ರವನ್ನು ಕುತ್ತಿಗೆಯ ಕೊರೆತ ಬರೆದಷ್ಟೇ ಸಲೀಸಾಗಿ ಬರೆದೆ. ಆ ತುದಿ ಗೋಡೆಗೆ ಹತ್ತಿರ, ಕೋಲು ಹಿಂದಕ್ಕೆಳೆದರೆ ತಂಪುಪಾನೀಯದ ಫ್ರಿಜ್ಜಿಗೆ ತಾಗುತ್ತಿತ್ತು. ಅಣ್ಣನೂ ಲೈಟಾಫೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಅದನ್ನು ಆಚೆ ತಳ್ಳಿದರು. ನಾಲ್ಕು ದಿನವೂ ಇವರು ಹೊಡೆದದ್ದು ಒಂದೇ ಏಟು, ನಡುವಿನ ಗುಂಡಿಗೆ, ನಿಧಾನವಾಗಿ. ಮೊದಲ ದಿನ ಹತ್ತಕ್ಕೆ ಎರಡು ಬಿದ್ದವು. ನಾಲ್ಕನೆಯ ದಿನ ಏಳು. ಕೈ ಕಲಿತದ್ದನ್ನು ಮರೆಯಲು ಒಪ್ಪುತ್ತಿರಲಿಲ್ಲ.

ಪಂದ್ಯದ ದಿನ ನಾನೂ ಅಣ್ಣನೂ ಹೋಗಿ ಮುಂದಿನ ಸಾಲಿನಲ್ಲೇ ಕೂತೆವು. ಪ್ರೇಕ್ಷಕರ ಸಂಖ್ಯೆ ಅಂದು ಐದಕ್ಕೇರಿತು. ಎದುರಾಳಿಗೆ ಆಟಗಾರರು ಇಟ್ಟ ಹೆಸರು ಆಮೆ. ಒಂದು ಏಟಿಗೆ ಮೊದಲು ಮೇಜಿಗೆ ಎರಡು ಪ್ರದಕ್ಷಿಣೆ, ಮೂರು ನಿಟ್ಟುಸಿರು. ಅವನ ಸ್ಥಾನ ಅರವತ್ತೇಳು, ಅವನ ಕಾರ್ಡೂ ಇದೇ ಪಂದ್ಯದ ಮೇಲೆ ನಿಂತಿತ್ತು. ಪಾಪ, ಅವನ ಹೆಂಡತಿ ಏನೇನು ಬೈದಿದ್ದಳೋ!

ಏಳು ಫ್ರೇಮಿನ ಪಂದ್ಯ ಮೂರು-ಮೂರಕ್ಕೆ ಬಂತು. ಕೊನೆಯ ಫ್ರೇಮಿನಲ್ಲಿ ಇವರು ಹತ್ತು ಅಂಕ ಹಿಂದಿದ್ದರು, ಮೇಜಿನ ಮೇಲೆ ಎರಡೇ ಬಣ್ಣ ಉಳಿದಿದ್ದವು. ಗುಲಾಬಿಗೆ ಆರು, ಕಪ್ಪಿಗೆ ಏಳು. ಎರಡೂ ಬೇಕು. ಗುಲಾಬಿ ಎಲ್ಲಿತ್ತು ಗೊತ್ತೇ? ನಡುವಿನ ಗುಂಡಿಯ ದಾರಿಯಲ್ಲಿ. ಜೋರಾಗಿ ಹೊಡೆದರೆ ಗುಲಾಬಿ ಬಿದ್ದರೂ ಬಿಳಿ ಚೆಂಡು ಎಲ್ಲಿಗೋ ಓಡಿ ಕಪ್ಪು ಕೈತಪ್ಪುತ್ತಿತ್ತು. ನಿಧಾನವಾಗಿಯೇ ಹೊಡೆಯಬೇಕು.

ಇವರು ಬಗ್ಗಿದರು, ಗುರಿಯಿಟ್ಟರು. ಮೊಣಕೈ ಹಳೆಯ ಕಡೆಗೇ ಸರಿದದ್ದು ನನಗೆ ಕಂಡಿತು. ಹಳೆಯ ಅಭ್ಯಾಸ ಎಳೆಯುತ್ತಿದೆ ಎಂದು ನನಗೆ ಗೊತ್ತಾಯಿತು. ಆಗ ಇವರು ಎದ್ದು ನಿಂತು, ಎಡ ಅಂಗೈಯಿಂದ ಹಸಿರು ಬಟ್ಟೆಯನ್ನು ಒಮ್ಮೆ ಸವರಿದರು. ರೆಫರಿ ಹುಬ್ಬೇರಿಸಿದ. ಇವರು ನನ್ನ ಕಡೆ ನೋಡಿ ಮೀಸೆಯಡಿ ನಕ್ಕರು, ಮತ್ತೆ ಬಗ್ಗಿ ಹೊಡೆದರು.

ಗುಲಾಬಿ ಹೊರಟಿತು. ಗುಂಡಿಯ ತಪ್ಪು ಅಂಚಿಗೇ ಹೊರಟ ಹಾಗಿತ್ತು. "ಹೋಯ್ತು" ಎಂದು ಅಣ್ಣ ಕಣ್ಣು ಮುಚ್ಚಿಕೊಂಡ. ನಾನು ಮುಚ್ಚಲಿಲ್ಲ. ಕೊನೆಯ ಗೇಣಿನಲ್ಲಿ ಚೆಂಡು ನವಿರಿನ ಮಾತು ಕೇಳಿ, ಒಂದು ಬೆರಳಿನಷ್ಟು ಕಪ್ಪಿನ ಕಡೆಗೆ ವಾಲಿ, ಟಪ್ ಎಂದು ಒಳಗೆ ಬಿತ್ತು. ಬಿಳಿ ಚೆಂಡು ಕಪ್ಪಿನ ಎದುರಿಗೆ ಬಂದು ನಿಂತಿತು. ಕಪ್ಪನ್ನು ಇವರು ನಿದ್ದೆಯಲ್ಲೂ ಹಾಕುತ್ತಿದ್ದರು, ಹಾಕಿಯೇ ಬಿಟ್ಟರು.

ರೆಫರಿ ಅಂಕ ಹೇಳಿ ಮುಗಿಸಿದನೋ ಇಲ್ಲವೋ, ನಾನು ತಡೆಹಗ್ಗ ದಾಟಿ ಓಡಿದ್ದೆ. ಅಣ್ಣ ಹಿಂದಿನಿಂದ, "ಎಲ್ಲಾ ನನ್ನ ಬಟ್ಟೆ ಮೇಲೆ ಪ್ರಾಕ್ಟೀಸ್ ಮಾಡಿದ್ದಕ್ಕೇ!" ಎಂದು ನಿದ್ದೆಗೆಂದು ಬಂದಿದ್ದ ಪ್ರೇಕ್ಷಕನನ್ನು ಎಬ್ಬಿಸಿ ಹೇಳುತ್ತಿದ್ದ.

"ಆರು ತಿಂಗಳು ಬೈದಿದ್ದೆಲ್ಲ ವಾಪಸ್ ತಗೋತೀಯಾ?" ಎಂದು ಇವರು ಕಿವಿಯಲ್ಲಿ ಕೇಳಿದರು.

"ಎಲ್ಲಾ ತಗೊಂಡೆ. ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕೋದಕ್ಕೆ ಬೈದಿದ್ದೊಂದು ಬಿಟ್ಟು."

ಕೊನೆಗೆ ಇವರ ಸ್ಥಾನ ಅರವತ್ತಮೂರಕ್ಕೆ ನಿಂತಿತು. ಏಪ್ರನ್ನು ಈಗ ನಾನು ಹಾಕಿಕೊಳ್ಳುತ್ತೇನೆ, ಗಟ್ಟಿ ಬಟ್ಟೆ, ಜೇಬೂ ದೊಡ್ಡದು. ಮರುದಿನದ ಪೇಪರಿನ ಮೂಲೆಯಲ್ಲಿ ಬಂದ ಫೋಟೋಗೂ ಚೌಕಟ್ಟು ಹಾಕಿಸಿ ಹಳೆಯದರ ಪಕ್ಕ ತೂಗುಹಾಕಿದ್ದೇನೆ. ಈ ಸಲ ಇವರ ಮುಖ ಪೂರ್ತಿ ಬಂದಿದೆ, ಬಾಯಿ ಕಿವಿಯವರೆಗೆ. ಇವರ ಕುತ್ತಿಗೆ ಬಳಸಿಕೊಂಡು ಅಂಚಿನಲ್ಲಿ ಕಾಣುವ ಮೊಣಕೈ ನನ್ನದು.