ಗ್ಲಾಸಿಗೆ ಬಾರದ ಗ್ಯಾಸ್

೧

ಎಲ್ಲಿಂದ ಶುರು ಮಾಡಲಿ? ನೆಲಮಾಳಿಗೆಯ ಬಾಗಿಲಿಂದ ಶುರು ಮಾಡಿದರೆ ಒಳ್ಳೆಯ ಓಪನಿಂಗ್ ಸಿಗುತ್ತದೆ, ಅದು ನನಗೂ ಗೊತ್ತು. ಬಾಗಿಲು ತೆರೆದಿದೆ, ಕೆಳಗೆ ದೀಪ ಉರಿಯುತ್ತಿದೆ, ಮೇಲೆ ನಿಂತವನು ಕೂಗುತ್ತಿದ್ದಾನೆ, ಕೆಳಗಿನಿಂದ ಉತ್ತರವಿಲ್ಲ. ಹಾಗೆ ಒಂದಲ್ಲ, ಮೂರು ಡ್ರಾಫ್ಟ್ ಬರೆದೆ. ಮೂರನ್ನೂ ಹರಿದು ಹಾಕಿದೆ. ಕಲೆಗಾಗಿ ಹರಿದೆ ಎಂದುಕೊಳ್ಳಬೇಡಿ, ಹೆದರಿ ಹರಿದೆ. ಆ ಬಾಗಿಲ ಹತ್ತಿರ ಹೋಗಲು ನನಗೆ ಕಾಲೇ ಬರುತ್ತಿಲ್ಲ. (ಕುರ್ಚಿಯಲ್ಲಿ ಕೂತು ಬರೆಯುವವನಿಗೆ ಎಂಥ ಭಯ ಎಂದು ನೀವು ನಗಬಹುದು. ನಗಿ. ನಗುವುದಿದ್ದರೆ ಈಗಲೇ ನಕ್ಕುಬಿಡುವುದು ಒಳ್ಳೆಯದು.)

ಆದ್ದರಿಂದ ಬೆಳಗಿನಿಂದ, ಮೊದಲ ಪಬ್ಬಿನಿಂದ ಶುರು ಮಾಡೋಣ. ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

೨

ಇವನು ರುಚಿಗಾರ. ನಗರದ ಪಬ್ಬುಗಳನ್ನು ಸುತ್ತಿ, ಬಿಯರ್ ಕುಡಿದು, ಅಂಕ ಕೊಡುವುದು ಇವನ ಕೆಲಸ. ಹೌದು, ಅದಕ್ಕೂ ಸಂಬಳ ಕೊಡುತ್ತಾರೆ. ಕೇಳಿದವರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಾರೆ. ಬೆಳಗ್ಗೆ ಸಪ್ಪೆ ಬ್ರೆಡ್ಡು ತಿಂದು, ಪೇಸ್ಟಿಲ್ಲದೆ ಹಲ್ಲುಜ್ಜಿ, ನಾಲಿಗೆಯನ್ನು ಮನೆಮಗಳ ಹಾಗೆ ಕಾಪಾಡಿಕೊಂಡು ಬರಬೇಕು ಎನ್ನುವುದು ಅವರಿಗೆ ಗೊತ್ತಿಲ್ಲ. ವೈನಿನವರ ಹಾಗೆ ಉಗುಳುವಂತೆಯೂ ಇಲ್ಲ. ಬಿಯರಿನ ಕಹಿ ಗಂಟಲಿಗೆ ಇಳಿದ ಮೇಲೇ ತನ್ನ ಬಣ್ಣ ತೋರಿಸುವುದು.

ಜೊತೆಗಿದ್ದವನು ಇವನ ಭಾಮೈದ, ಹೆಂಡತಿಯ ತಮ್ಮ. ಪಬ್ಬುಗಳ ನೆಲಮಾಳಿಗೆಯಲ್ಲಿ ಕೆಗ್ಗುಗಳನ್ನು, ಅಂದರೆ ಬಿಯರಿನ ಉಕ್ಕಿನ ಪೀಪಾಯಿಗಳನ್ನು, ಗ್ಯಾಸ್ ಸಿಲಿಂಡರಿಗೆ ಜೋಡಿಸುವ ಫಿಟ್ಟರ್. ದಪ್ಪ ಆಳು, ಮೀಸೆಯಲ್ಲಿ ಆಗಲೇ ಬಿಳಿ ಕೂದಲು. ಅಕ್ಕ ಮಾತ್ರ ಇನ್ನೂ ಅವನನ್ನು 'ಪಾಪು' ಎಂದೇ ಕರೆಯುತ್ತಾಳೆ. ಇಬ್ಬರ ದಾರಿಯೂ ಒಂದೇ ಆದ ದಿನ ಭಾವನನ್ನು ತನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಬರುತ್ತಾನೆ. ದಾರಿಯುದ್ದಕ್ಕೂ ಜಗಳ.

"ಕಾಸ್ಕ್ ಅಂದ್ರೆ ಜೀವ ಇರೋ ಬಿಯರ್. ಪೀಪಾಯಿ ಒಳಗೇ ಇನ್ನೂ ಹುದುಗ್ತಾ ಇರುತ್ತೆ. ಕೈಪಂಪಲ್ಲಿ ಮೆಲ್ಲಗೆ ಎಳೀಬೇಕು. ನಿನ್ನ ಕೆಗ್ಗೋ, ಸೋಸಿ ಸಾಯಿಸಿ, ಫ್ರಿಜ್ಜಲ್ಲಿಟ್ಟು, ಗ್ಯಾಸಲ್ಲಿ ಎತ್ತಿ ನಿಲ್ಸಿರೋ ಹೆಣ" ಎನ್ನುತ್ತಾನೆ ಭಾವ.

"ನಿಮ್ಮ ಜೀವ ಇರೋದು ಮೂರನೇ ದಿನಕ್ಕೆ ಹುಳಿ ಹಿಡಿಯುತ್ತಲ್ಲ ಭಾವ. ನನ್ನ ಹೆಣ ತಿಂಗಳಾದ್ರೂ ಹಂಗೇ ಇರುತ್ತೆ" ಎನ್ನುತ್ತಾನೆ ಭಾಮೈದ.

(ಈ 'ಹೆಣ' ಎಂಬ ಮಾತನ್ನು ತೆಗೆದುಬಿಡಬೇಕೆಂದಿದ್ದೆ. ಅಪಶಕುನದ ಹಾಗೆ ಕೇಳುತ್ತದೆ. ಆದರೆ ಅವರು ದಿನಾ ಆಡುತ್ತಿದ್ದದ್ದೇ ಹಾಗೆ, ನಾನೇಕೆ ತಿದ್ದಲಿ?)

ಮೊದಲ ಪಬ್ಬಿನಲ್ಲಿ ಕಾಸ್ಕ್ ಬಿಯರ್ ಚೆನ್ನಾಗಿತ್ತು. ಸುಟ್ಟ ರೊಟ್ಟಿಯ ವಾಸನೆ, ಹಿಂದಿನಿಂದ ಕಿತ್ತಳೆ ಸಿಪ್ಪೆಯ ಕಹಿ. ರುಚಿಗಾರ ಕಣ್ಣು ಮುಚ್ಚಿ ಎರಡನೇ ಗುಟುಕು ತೆಗೆದುಕೊಂಡ, ಭಾಮೈದ ಮೂಗು ಮುರಿದ. ಎರಡನೆಯದರಲ್ಲಿ ಕಾಸ್ಕ್ ಸೀದಾ ವಿನಿಗರ್ ಆಗಿತ್ತು. ಭಾಮೈದನಿಗೆ ಹಬ್ಬವೋ ಹಬ್ಬ. ವ್ಯಾನು ಹತ್ತಿದ ಮೇಲೂ ನಗುತ್ತಲೇ ಇದ್ದ. ಸ್ಟೀರಿಂಗ್ ಮೇಲೆ ತಾಳ ಹಾಕುತ್ತ,

"ಸ್ವಾಮಿ, ಸಾಕು."

ಯಾರದು?

"ನಾನೇ. ನೀವು ಹರಿದು ಬಿಸಾಕಿದ ಡ್ರಾಫ್ಟಲ್ಲಿ ನೆಲಮಾಳಿಗೆ ಬಾಗಿಲ ಹತ್ರ ನಿಲ್ಲಿಸಿ ಹೋದ್ರಲ್ಲ, ಆ ರುಚಿಗಾರ. ಇನ್ನೂ ಅಲ್ಲೇ ನಿಂತಿದೀನಿ. ಅವನು ಕೆಳಗಿದಾನೆ. ನೀವು ಇಲ್ಲಿ ಕಿತ್ತಳೆ ಸಿಪ್ಪೆ ವರ್ಣನೆ ಮಾಡ್ತಾ ಕೂತಿದೀರ."

ಓದುಗರಿಗೆ ಹಿನ್ನೆಲೆ ಬೇಕಲ್ಲಪ್ಪ.

"ಅವನಿಗೆ ಉಸಿರು ಬೇಕು."

೪

(ಮೂರನೆಯದನ್ನು ಬಿಟ್ಟಿದ್ದೇನೆ. ಅದರಲ್ಲಿ ಮೂರನೇ ಪಬ್ಬಿನ ಕಿಟಕಿ, ಪರದೆ, ಹಳೇ ಬೆಂಚುಗಳ ಬಗ್ಗೆ ಒಂದು ಪುಟ ಇತ್ತು. ನನಗೆ ಬಹಳ ಇಷ್ಟವಾದ ಪುಟ. ಹೋಗಲಿ.)

ಮೂರನೇ ಪಬ್ಬು ಇನ್ನೂ ಗಿರಾಕಿಗಳಿಗೆ ತೆರೆದಿರಲಿಲ್ಲ. ಪಬ್ಬಿನ ಯಜಮಾನಿ ಒಬ್ಬಳೇ ಮೇಜು ಒರೆಸುತ್ತಿದ್ದಳು. ಅಲ್ಲಿ ಕಾಸ್ಕ್ ಇರಲಿಲ್ಲ, ಎಲ್ಲಾ ಕೆಗ್ಗೇ, ಅದೂ ಭಾಮೈದನೇ ಹೋದ ವಾರ ಜೋಡಿಸಿದ್ದು. ಅವಳು ನಲ್ಲಿ ತಿರುಗಿಸಿ ಗ್ಲಾಸು ತುಂಬಿ ಕೊಟ್ಟಳು. ನೊರೆ ಏಳಲಿಲ್ಲ. ರುಚಿಗಾರ ಒಂದು ಗುಟುಕು ಕುಡಿದು ಬಾಯಲ್ಲಿ ಸುತ್ತಿಸಿದ. ನಾಲಿಗೆಗೆ ಚುರುಕೇ ಇಲ್ಲ, ನಿನ್ನೆಯ ತಣ್ಣೀರು.

"ಏನಪ್ಪಾ ಇದು, ನಿನ್ನ ಹೆಣಕ್ಕೆ ಎದ್ದು ನಿಲ್ಲೋಕೂ ಶಕ್ತಿ ಇಲ್ವಲ್ಲ. ಗ್ಯಾಸು ಗ್ಲಾಸಿನವರೆಗೆ ಬರ್ತಾನೇ ಇಲ್ಲ" ಎಂದ. ಯಜಮಾನಿ ನಕ್ಕಳು.

ಅವಳು ನಗದಿದ್ದರೆ ಭಾಮೈದ ಒಂದು ನಿಮಿಷ ಯೋಚಿಸುತ್ತಿದ್ದನೋ ಏನೋ. ಮೂರನೆಯವರ ಎದುರು ತನ್ನ ಕೈಕೆಲಸಕ್ಕೆ ನಕ್ಕರೆ ಯಾರಿಗೆ ತಾನೇ ತಡೆಯುತ್ತದೆ? ಭಾಮೈದನ ಕಿವಿ ಕೆಂಪಾಯಿತು. "ಇರಿ ಭಾವ, ಒಂದ್ನಿಮಿಷ. ಯಾವುದೋ ಜಾಯಿಂಟ್ ಲೂಸ್ ಆಗಿರ್ಬೇಕು" ಎಂದು ಸ್ಪ್ಯಾನರ್ ತೆಗೆದುಕೊಂಡು, ಬಾರಿನ ಹಿಂದಿನ ಬಾಗಿಲು ತೆಗೆದು ಇಳಿದ. ಬೂಟಿನ ಸದ್ದು ಕೇಳಿಸಿತು. ಆಮೇಲೆ ಸ್ಪ್ಯಾನರ್ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ರುಚಿಗಾರ ಇನ್ನೊಂದು ಗುಟುಕು ಕುಡಿದ. ಸಪ್ಪೆ. ಗ್ಯಾಸು ಗ್ಲಾಸಿಗೆ ಬರುತ್ತಿಲ್ಲ. ಸರಿ, ಸಿಲಿಂಡರಿನಿಂದ ಹೊರಟದ್ದಂತೂ ಹೊರಟಿದೆ. ಗ್ಲಾಸಿಗೆ ಬರದಿದ್ದರೆ ಅದು ಹೋದದ್ದೆಲ್ಲಿಗೆ?

ಅವನು ಗ್ಲಾಸು ಕೆಳಗಿಟ್ಟ. ಉತ್ತರವನ್ನು ಅವನ ನಾಲಿಗೆ ಆಗಲೇ ಹೇಳಿತ್ತು. ಅವನು ಅದನ್ನೇ ತಮಾಷೆ ಮಾಡಿ ಭಾಮೈದನನ್ನು ಕೆಳಗೆ ಕಳಿಸಿದ್ದ.

"ಕೆಳಗೆ ಗ್ಯಾಸಿನ ಅಲಾರಂ ಇದೆ ಅಲ್ವಾ?" ಎಂದು ಯಜಮಾನಿಯನ್ನು ಕೇಳಿದ.

ಅವಳ ಕೈ ಆಗಲೇ ಫೋನಿಗೆ ಹೋಯಿತು. "ಬೆಳಗ್ಗೆಯಿಂದ ಒಂದೇ ಸಮ ಕಿರುಚ್ತಾ ಇತ್ತು. ಬ್ಯಾಟರಿ ಹೋಗಿದೆ ಅಂದ್ಕೊಂಡು ಬಿಚ್ಚಿ ಡ್ರಾಯರಲ್ಲಿಟ್ಟೆ."

ಈಗ ಬಂದೆವು ನೋಡಿ, ಬಾಗಿಲಿಗೆ.

೫

ರುಚಿಗಾರ ಕೂಗಿದ. ಉತ್ತರವಿಲ್ಲ. ಎರಡು ಮೆಟ್ಟಿಲು ಇಳಿದ. ಮೂಗಿನೊಳಗೆ ಚುರ್ ಎಂದಿತು, ಆಗಷ್ಟೇ ಒಡೆದ ಸೋಡಾದ ಮೇಲೆ ಮೂಗಿಟ್ಟ ಹಾಗೆ. ತಲೆ ಗಿರ್ರೆಂದಿತು. ಗೋಡೆ ಹಿಡಿದುಕೊಂಡು ಹಿಂದಕ್ಕೆ ಬಂದ. ಆ ಗ್ಯಾಸು, ಕಾರ್ಬನ್ ಡೈಆಕ್ಸೈಡು, ಗಾಳಿಗಿಂತ ಭಾರ, ಬಾವಿಯಲ್ಲಿ ನೀರು ನಿಂತ ಹಾಗೆ ಕೆಳಗೆ ನಿಲ್ಲುತ್ತದೆ. ಅದರಲ್ಲಿ ಮುಳುಗಿದವನಿಗೆ ಮುಳುಗಿದ್ದೂ ತಿಳಿಯುವುದಿಲ್ಲ.

ಯಜಮಾನಿ ಫೋನಿನಲ್ಲಿ ಅಗ್ನಿಶಾಮಕದವರಿಗೆ ವಿಳಾಸ ಹೇಳುತ್ತಿದ್ದಳು. ಹೇಳುತ್ತಲೇ ಇನ್ನೊಂದು ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡಳು. "ಇಳೀಬೇಡಿ. ಅವ್ರೂ ಅದನ್ನೇ ಹೇಳ್ತಿದಾರೆ. ಇಳಿದವರು ಯಾರೂ ಹತ್ತಲ್ವಂತೆ."

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ.

"ಎತ್ತಿ ಅದನ್ನ" ಎಂದ ರುಚಿಗಾರ.

ಯೋಚನೆ ಮಾಡ್ತಿದೀನಿ.

"ನೀವು ಯೋಚನೆ ಮಾಡೋವಷ್ಟು ಹೊತ್ತೂ ಅವನು ಅದನ್ನೇ ಉಸಿರಾಡ್ತಿರ್ತಾನೆ. ನಿಮ್ಮ ಒಂದೊಂದು ಕಂಸಕ್ಕೂ ಅವನು ಬೆಲೆ ತೆರ್ತಿದಾನೆ ಸ್ವಾಮಿ."

ಅದು ನಿಜ, ಓದುಗರೇ. ಬೇರೆ ಕಥೆಗಳಲ್ಲಿ ನಾನು ಅಡ್ಡಮಾತಾಡಿದರೆ ಹೆಚ್ಚೆಂದರೆ ನೀವು ಆಕಳಿಸುತ್ತಿದ್ದಿರಿ. ಇಲ್ಲಿ ನನ್ನ ಬಾಯಿಚಪಲಕ್ಕೆ ಒಬ್ಬ ಮನುಷ್ಯನ ಜೀವ ಹೋಗುತ್ತಿದೆ. ಬೇಗ ಬೇಗ ಮುಗಿಸುತ್ತೇನೆ.

ಮುಕ್ತಾಯ, ಒಂದು

ಅವನು ಅಂಗಿ ಕೊಸರಿಕೊಂಡು ಇಳಿದ. ಕೊನೆಯ ಮೆಟ್ಟಿಲಲ್ಲಿ ಮಂಡಿ ಕುಸಿಯಿತು. ಭಾಮೈದನ ಪಕ್ಕದಲ್ಲೇ ಬಿದ್ದ. ಮನೆಯಲ್ಲಿ ಒಬ್ಬ ಹೆಂಗಸಿಗೆ ಒಂದೇ ಮಧ್ಯಾಹ್ನ ಗಂಡನೂ ಇಲ್ಲ, ತಮ್ಮನೂ ಇಲ್ಲ.

(ಪತ್ರಿಕೆಗಳಲ್ಲಿ ಬರುವುದು ಇದೇ. ನಾಲ್ಕು ಸಾಲಿನ ಸುದ್ದಿ. ಬರೆದು ನೋಡಿದೆ, ಹೊಡೆದುಹಾಕಿದೆ.)

ಮುಕ್ತಾಯ, ಎರಡು

ಅವನು ಉಸಿರು ಬಿಗಿಹಿಡಿದು ಇಳಿದು, ಭಾಮೈದನನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದ.

"ಇದನ್ನ ಇಟ್ಕೊಳ್ಳಿ" ಎಂದ ರುಚಿಗಾರ ತಕ್ಷಣ.

ನಿನಗೆ ಒಂದು ಕೆಗ್ಗು ಎತ್ತೋಕಾಗಲ್ಲ. ಅವನು ನಿನ್ನ ಒಂದೂವರೆಯಷ್ಟಿದ್ದಾನೆ. ಓದುಗರು ನಂಬಲ್ಲ.

"ಓದುಗರು ನಂಬದಿದ್ರೆ ನನಗೇನಾಗ್ಬೇಕು? ಅವನ ಅಕ್ಕ ನಂಬಿದ್ರೆ ಸಾಕು. ಅವನು ಬದುಕಿದ ಅಂತ ಬರೀರಿ. ಕೆಟ್ಟದಾಗೇ ಬರೀರಿ. ಯಾರು ಕೇಳ್ತಾರೆ?"

ನಾನು ಬರೆದರೆ ಅವನು ಕಾಗದದ ಮೇಲೆ ಬದುಕುತ್ತಾನೆ, ಅಷ್ಟೇ. ನೀನು ಬಾಗಿಲಲ್ಲೇ ನಿಂತಿರುತ್ತೀಯ. ಅದು ನಿನಗೂ ಗೊತ್ತು.

ಅವನು ಅಳತೊಡಗಿದ. ಸದ್ದಿಲ್ಲದೆ, ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ. "ಹೆದರಿಕೆ ಆಗ್ತಿದೆ. ಇಳಿಯೋಕೂ ಹೆದರಿಕೆ, ಇಳೀದೇ ಇರೋಕೂ ಹೆದರಿಕೆ. ಆಮೇಲೆ ಎಲ್ಲರೂ ಕೇಳ್ತಾರೆ, ನೀನು ಮೇಲೇ ನಿಂತಿದ್ಯಾ ಅಂತ."

ಕೇಳುತ್ತಾರೆ. ನಾನು ಸುಳ್ಳು ಹೇಳಲಾರೆ.

ಆಗ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಹೆಂಡತಿ. ನಿಲ್ಲಿಸಲು ಹೋಗಿ ಬೇರೇನೋ ಒತ್ತಿದ, ಅವಳ ದನಿ ಬಂದೇಬಿಟ್ಟಿತು.

"ಊಟಕ್ಕೆ ಇಬ್ರೂ ಬರ್ತೀರಾ? ಪಾಪು ಫೋನೇ ಎತ್ತಲ್ಲ. ಎಲ್ಲಿ ಅವನು?"

"ಕೆಳಗಿದಾನೆ."

"ಅವನಿಗೆ ಕೊಡಿ."

"ಕೊಡ್ತೀನಿ" ಎಂದ. ಫೋನನ್ನು ಬಾರಿನ ಮೇಲಿಟ್ಟು, ಯಜಮಾನಿಯ ತೋಳು ಹಿಡಿದ. "ನೆಲಮಾಳಿಗೆಗೆ ಇನ್ನೊಂದು ದಾರಿ ಇರ್ಬೇಕು. ಪೀಪಾಯಿ ಹೆಂಗೆ ಇಳಿಸ್ತೀರಿ ಒಳಗೆ?"

(ಇದನ್ನು ನಾನು ಬರೆದದ್ದಲ್ಲ. ನಾನಿನ್ನೂ ಎರಡನೇ ಮುಕ್ತಾಯದಲ್ಲೇ ಸಿಕ್ಕಿಕೊಂಡಿದ್ದೆ.)

೬

ಪಬ್ಬಿನ ಮುಂದಿನ ಫುಟ್‌ಪಾತಿನಲ್ಲಿ ಎರಡು ಮರದ ಹಲಗೆಬಾಗಿಲುಗಳಿದ್ದವು, ಲಾರಿಯಿಂದ ಪೀಪಾಯಿಗಳನ್ನು ನೇರ ಕೆಳಗೆ ಉರುಳಿಸುವುದಕ್ಕೆ. ಅವುಗಳ ಮೇಲೆ ಯಾರದೋ ಕಾರಿನ ಎರಡು ಚಕ್ರ ಹತ್ತಿಸಿ ನಿಲ್ಲಿಸಿದ್ದರು. ರುಚಿಗಾರ ಕಾರಿನ ಗಾಜಿಗೆ ಗುದ್ದಿದ, ಬಾನೆಟ್ಟಿಗೆ ಗುದ್ದಿದ. ಯಜಮಾನಿ ಕಾರು ಯಾರದೆಂದು ಕೇಳುತ್ತ ಬೀದಿಯ ಅಂಗಡಿಗಳಿಗೆಲ್ಲ ನುಗ್ಗಿ ಬಂದಳು. ಪಕ್ಕದ ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡ ಒಬ್ಬ, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಓಡಿಬಂದ. ಕೀಲಿಗಾಗಿ ಜೇಬು ತಡಕಿದ. ಬಟ್ಟೆ ಅಡ್ಡ ಬಂತು. ಇನ್ನೊಂದು ಜೇಬು.

(ನಾನು ಕೀಲಿಯನ್ನು ಮೊದಲ ಜೇಬಿನಲ್ಲೇ ಇಡಬಹುದಿತ್ತು. ಈಗ ತಿದ್ದಲೇ?)

"ತಿದ್ದಿ!"

ತಿದ್ದಿದೆ. ಕೀಲಿ ಮೊದಲ ಜೇಬಿನಲ್ಲೇ ಇತ್ತು. ಕಾರು ಹಿಂದಕ್ಕೆ ಸರಿಯಿತು. ಹಲಗೆಬಾಗಿಲು ತೆರೆದರು, ಬೀದಿಯ ಬಿಸಿಲು ಒಳಗೆ ಬಿತ್ತು. ರುಚಿಗಾರ ಅಂಚಿನಿಂದ ದೂರಕ್ಕೇ ಮಲಗಿ, ಮುಖ ಮಾತ್ರ ಚಾಚಿ ನೋಡಿದ. ಕೆಗ್ಗುಗಳ ನಡುವೆ ಒಂದು ಬೆನ್ನು ಕಾಣಿಸಿತು, ಒಂದು ಬೂಟು ಕಾಣಿಸಿತು. ಕೈ ಚಾಚಿದ. ಎಟುಕುವಷ್ಟು ಹತ್ತಿರ ಏನೂ ಇರಲಿಲ್ಲ. ಸೋಪಿನವನು ಅವನ ಬೆಲ್ಟು ಹಿಡಿದುಕೊಂಡು ಕೂತ, ಒಂದೂ ಪ್ರಶ್ನೆ ಕೇಳದೆ.

ಅಗ್ನಿಶಾಮಕದವರು ಬಂದರು. ಎಷ್ಟು ಬೇಗ ಬಂದರು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಬೇಗ ಎಂದರೆ ಸುಳ್ಳಾಗುತ್ತದೆ, ತಡವಾಗಿ ಎಂದರೆ ನಾನೇ ಕಥೆ ಮುಗಿಸಿದ ಹಾಗಾಗುತ್ತದೆ. ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮಾಸ್ಕು. ಇಬ್ಬರು ಇಳಿದು, ಹಗ್ಗ ಬಿಗಿದು, ಪೀಪಾಯಿ ಉರುಳಿಸುವ ಇಳಿಜಾರಿನ ಮೇಲೆಯೇ ಅವನನ್ನು ಎಳೆದು ಮೇಲಕ್ಕೆ ತಂದರು. ಫುಟ್‌ಪಾತಿನ ಮೇಲೆ ಅಂಗಾತ ಮಲಗಿಸಿದರು. ತುಟಿಯ ಬಣ್ಣ ಸರಿಯಿರಲಿಲ್ಲ.

ಒಬ್ಬ ಅವನ ಎದೆಯ ಮೇಲೆ ಎರಡೂ ಕೈಯಿಟ್ಟು ಒತ್ತತೊಡಗಿದ. ಒತ್ತಿದ, ಒತ್ತಿದ, ನಿಲ್ಲಿಸಿದ. ಇನ್ನೊಬ್ಬ ಆಮ್ಲಜನಕದ ಮಾಸ್ಕಿನ ಕೊಳವೆ ಬಿಡಿಸುತ್ತಿದ್ದ. ಆ ನಡುವಿನ ಜಾಗಕ್ಕೆ ರುಚಿಗಾರ ಮಂಡಿಯೂರಿ ನುಗ್ಗಿದ. ಯಾರೂ ತಡೆಯಲಿಲ್ಲ. ತನ್ನ ಕೆನ್ನೆಯನ್ನು ಭಾಮೈದನ ಬಾಯಿಯ ಹತ್ತಿರ ತಂದ.

ಮುಕ್ತಾಯ, ಮೂರು: ಕೆನ್ನೆಗೆ ಬಿಸಿಯಾಗಿ ಏನೋ ತಗಲಿತು.

ಮುಕ್ತಾಯ, ನಾಲ್ಕು: ಕೆನ್ನೆಗೆ ತಗಲಿದ್ದು ಬೀದಿಯ ಗಾಳಿ.

ಓದುಗರೇ, ಎರಡನ್ನೂ ನಿಮ್ಮ ಮುಂದಿಟ್ಟಿದ್ದೇನೆ, ಆಯ್ಕೆ ನಿಮಗೆ ಬಿಟ್ಟದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಪೈಕಿಯವರ ಹಳೇ ಚಾಳಿ. ಮುಕ್ತ ಅಂತ್ಯ ಎಂದು ಅದಕ್ಕೊಂದು ಗೌರವದ ಹೆಸರೂ ಇದೆ. ನಾನು ಹಾಗೆ ಮಾಡುವುದಿಲ್ಲ, ಏಕೆಂದರೆ ನನಗೆ ನಿಜವಾಗಿಯೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ಹೆದರಿಕೆಯಾಗುತ್ತಿದೆ, ಮತ್ತು ಮಾತು ನಿಲ್ಲಿಸಿದರೆ ಏನು ತಿಳಿದುಬಿಡುತ್ತದೋ ಎಂದು ಹೀಗೆ ಒಂದರ ಹಿಂದೆ ಒಂದು ವಾಕ್ಯ ಪೋಣಿಸುತ್ತಲೇ

"ಸ್ವಾಮಿ" ಎಂದ ರುಚಿಗಾರ, ಕೆನ್ನೆ ಎತ್ತದೆ. "ಸ್ವಲ್ಪ ಬಾಯಿ ಮುಚ್ಚಿ. ಕೇಳಿಸ್ತಿಲ್ಲ ನನಗೆ."